ಶಾಟ್ ಮುಗಿದ ಮೇಲೆ

ಎಪ್ಪತ್ತಾರರ ಬೇಸಿಗೆ. ಜವನಗೊಂಡನಹಳ್ಳಿಯ ಆಚೆ ನಾವು ಹುಡುಗರೇ ಸೇರಿ ಕಪ್ಪು-ಬಿಳುಪಿನ ಕೊಲೆ ಸಿನಿಮಾವೊಂದನ್ನು ತೆಗೆಯುತ್ತಿದ್ದೆವು. ಕ್ಯಾಮೆರಾ ನನ್ನದು. ಹೆಣದ ಪಾತ್ರ ಕುರಿ ಕಾಯುವ ಎತ್ತಪ್ಪನದು. ಮಧ್ಯಾಹ್ನ ನಾವು ಹೋಗುವಷ್ಟರಲ್ಲಿ ಅವನು ಮುಖದ ತುಂಬ ಕಂಬಳಿ ಹೊದ್ದು ಬಂಡೆಯ ಮೇಲೆ ಮಲಗಿಯೇ ಇದ್ದ. ಬಂಡೆ ಹೆಂಚಿನಂತೆ ಕಾದಿತ್ತು. ಹೊರಗೆ ಚಾಚಿದ್ದ ಪಾದವನ್ನು ಸರಿಪಡಿಸಲು ಮುಟ್ಟಿದೆ. ಬಾವಿಯ ನೀರಿನಷ್ಟು ತಣ್ಣಗಿತ್ತು.

ಶಾಟ್ ಮುಗಿಯಿತು. ಹೆಣವಾದವರು ಎದ್ದು ಕ್ಯಾಮೆರಾದ ಕಡೆ ನಗಬೇಕು, ಇಲ್ಲದಿದ್ದರೆ ಅಪಶಕುನ. ಅದು ಸಿನಿಮಾದವರ ಪದ್ಧತಿ.

“ಏಳಪ್ಪ, ಒಂದ್ಸಲ ನಕ್ಕುಬಿಡು,” ಎಂದ ನಿರ್ದೇಶಕ ಪಾಪಣ್ಣ.

ಕಂಬಳಿಯೊಳಗಿಂದ ನಗು ಕೇಳಿಸಿತು. ಕಂಬಳಿ ಮಾತ್ರ ಅಲುಗಲಿಲ್ಲ.

ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಎತ್ತಪ್ಪ ಏದುಸಿರು ಬಿಡುತ್ತ ಬಂದ. “ತಡ ಆತು, ಕುರಿ ಚದುರಿದ್ವು. ಎಲ್ಲಿ ಮಲಗ್ಬೇಕ್ರಿ?”

ನಗು ಇನ್ನೂ ನಿಂತಿರಲಿಲ್ಲ.