ಮನೆಶಾಲೆಯ ನಾಳೆದನಿ

ದಾವಣಗೆರೆಯ ಆ ಮನೆಯ ಅಡುಗೆಕಟ್ಟೆಯ ಮೇಲೆ ‘ನಾಳೆದನಿ’ ಹತ್ತು ದಿನಗಳಿಂದ ಕಿವಿ ನಿಮಿರಿಸಿ ಕುಳಿತಿತ್ತು. ತೆಂಗಿನಕಾಯಿ ಗಾತ್ರದ ಯಂತ್ರ. ಮನೆಮಂದಿಯ ಮಾತನ್ನೆಲ್ಲ ಕೇಳಿ, ಮಗುವಿನ ‘ನುಡಿಜಾಡು’ ಹಿಡಿದು, ಆ ಮಗು ಮೂವತ್ತು ವರ್ಷದ ಮೇಲೆ ಏನಾಗಿರುತ್ತದೆಂದು ಲೆಕ್ಕ ಹಾಕಿ, ಆಗಿನ ದನಿಯಲ್ಲೇ ಮಾತಾಡಿಬಿಡುವುದು ಅದರ ಕಸುಬು.

ಆ ಕಾಲಕ್ಕೆ ಅರ್ಧ ಊರಿನ ಮಕ್ಕಳು ಮನೆಯಲ್ಲೇ ಓದುತ್ತಿದ್ದರು. ಪಾಠ ಗೋಡೆಯ ಪರದೆಗೆ ಬರುತ್ತಿತ್ತು, ಓದಿ ಹೇಳಲು ಅಮ್ಮಂದಿರಿದ್ದರು. ಈ ಸಲದ ಹೊಸ ವರ್ಷದ ಚಟುವಟಿಕೆ: ‘ಯುಗಾದಿಯಂದು ನಿಮ್ಮ ಭವಿಷ್ಯದ ಜೊತೆ ಮಾತಾಡಿ.’

ಹನ್ನೊಂದು ವರ್ಷದ ನೀಲಗಂಗಾಳಿಗೆ ಇದ್ದದ್ದು ಒಂದೇ ಆಸೆ, ಶಾಲೆಗೆ ಹೋಗಬೇಕು. ಗಂಟೆ, ಬೆಂಚು, ಮುಂದೆ ಕೂತವಳ ಜಡೆಯನ್ನು ಕಿಟಕಿಗೆ ಕಟ್ಟುವ ಭಾಗ್ಯ! ಮನೆಯಲ್ಲಿ ಕೀಟಲೆಗೆ ಸಿಗುವವಳು ಅಜ್ಜಿಯೊಬ್ಬಳೇ, ಅವಳದೋ ಕಟ್ಟಲು ಜಡೆಯಿಲ್ಲದ ನಿಂಬೆಕಾಯಿಯಷ್ಟು ತುರುಬು.

ಅಜ್ಜಿ ಗದಿಗೆಮ್ಮ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು: “ಯುಗಾದಿ ದಿನ ಆ ಕಾಯಿ ಏನು ಹೇಳ್ತೈತೋ ಅದೇ ಪಂಚಾಂಗ. ಶಾಲೆಗೆ ಹೋಗು ಅಂದ್ರೆ ಹೋಗೋದು. ಮಾತಿಗೆ ತಪ್ಪಾಕಿಲ್ಲ.”

ಸರಿ, ಅಂದಿನಿಂದ ನೀಲು ಯಂತ್ರದ ಮುಂದೆ ಟವೆಲನ್ನು ಹೆಗಲಿಗೆಸೆದು ನಿಂತಳು. “ಈ ನಾಲ್ಕು ಗೋಡೆ ನನ್ನ ಪಾಲಿನ ಜೈಲು! ನೀಲಗಂಗಾ ಒಂದ್ಸಲ ಶಾಲೆ ಮೆಟ್ಲು ಹತ್ತಿದ್ರೆ ಬೆಂಚೂ ಎದ್ದು ನಮಸ್ಕಾರ ಹೊಡೀಬೇಕು!”

“ಸಾಕು ಸುಮ್ನಿರೇ, ಹೀರೋಯಿನ್ನು,” ಎಂದಳು ಅಮ್ಮ ಶಶಿಕಲಾ, ಪರದೆಯ ಮುಂದೆ ಸೌಟು ಹಿಡಿದು. “ಭಿನ್ನರಾಶಿ ನೋಡಿಲ್ಲಿ. ಅಲ್ಲ, ಮೂರಕ್ಕಿಂತ ನಾಲ್ಕು ದೊಡ್ಡದು. ಮತ್ತೆ ಮೂರನೇ ಒಂದು ಭಾಗ ನಾಲ್ಕನೇ ಒಂದು ಭಾಗಕ್ಕಿಂತ ದೊಡ್ಡದು ಹೆಂಗಾಗ್ತೈತೆ?”

“ಕಟ್! ನೆಕ್ಸ್ಟ್ ಸೀನು!” ಎಂದು ನೀಲು ಪರಾರಿ.

ಯುಗಾದಿ ಬಂತು. ಬೇವುಬೆಲ್ಲ ತಿಂದು, ಪಂಚಾಂಗ ಕೇಳುವವರ ಹಾಗೆ ಎಲ್ಲರೂ ಚಾಪೆಯ ಮೇಲೆ ಕುಳಿತರು. ಯಂತ್ರವನ್ನು ಕಟ್ಟಿದ ಎದುರುಮನೆಯ ವಿಜ್ಞಾನಿ ಹಾಲಮ್ಮ ಗುಂಡಿ ಒತ್ತಿದಳು.

“ನಾನು ಶಶಿಕಲಾ,” ಎಂದಿತು ಯಂತ್ರ, ಮಾಗಿದ ದನಿಯಲ್ಲಿ. “ನಂಗೀಗ ಅರವತ್ತೆಂಟು. ಆವತ್ತು ಧೈರ್ಯ ಮಾಡಿ ಮತ್ತೆ ಶಾಲೆ ಸೇರಿದ್ದು ಒಳ್ಳೇದೇ ಆತು.”

ಶಶಿಕಲಾಳ ಕೈಯಿಂದ ಹೋಳಿಗೆ ತಟ್ಟೆ ಜಾರಿತು.

“ಏನ್ ಹಾಲಮ್ಮ ಆಂಟಿ, ನಿಮ್ ಕಾಯಿ ಕೊಳೆತೋಗೈತೆ!” ನೀಲು ಚೀರಿದಳು. “ಡೈಲಾಗ್ ಹೊಡೆದೋಳು ನಾನು, ಕಟೌಟು ಅಮ್ಮಂದಾ?”

ಹಾಲಮ್ಮ ಯಂತ್ರದ ಬೆನ್ನು ಬಿಚ್ಚಿ ನೋಡಿ ನಕ್ಕಳು. “ದನಿ ಕೇಳಿ ವಯಸ್ಸು ಹೇಳೋದು ಕಷ್ಟ ಪುಟ್ಟಿ. ಅದಕ್ಕೇ ಯಂತ್ರಕ್ಕೊಂದು ನಿಯಮ ಇಟ್ಟಿದ್ದೆ. ಮನೇಲಿ ಗೊತ್ತಿಲ್ಲದ್ದನ್ನ ಯಾರು ಹೆಚ್ಚು ಕೇಳ್ತಾರೋ ಅವರೇ ಮಗು. ಹತ್ತು ದಿನಕ್ಕೆ ನಿಮ್ಮಮ್ಮ ಕೇಳಿದ್ದು ನಾನೂರ ಹನ್ನೆರಡು ಪ್ರಶ್ನೆ.”

“ನಾನು?”

“ಒಂದೂ ಇಲ್ಲ. ಬರೀ ಪಂಚ್ ಡೈಲಾಗು.”

ಶಶಿಕಲಾ ತಲೆ ತಗ್ಗಿಸಿದಳು. “ನಮ್ಮವ್ವ ಹಾಸಿಗೆ ಹಿಡಿದ್ಲು, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟೆ. ಇವಳಿಗೆ ಓದಿ ಹೇಳ್ತಾ ಹೇಳ್ತಾ... ನಂಗೇ ರುಚಿ ಹತ್ತಿಬಿಡ್ತು ಅತ್ತೆ.”

ಗದಿಗೆಮ್ಮ ಸೊಸೆಯನ್ನು ದಿಟ್ಟಿಸಿದಳು. ಸೊಸೆಯ ಕಣ್ಣು ತುಂಬಿತ್ತು.

“ಅಳ್ತೀಯಾ ಯಾಕೆ? ಪಂಚಾಂಗ ಕೇಳಿ ಆತಲ್ಲ. ಜೂನಿಗೆ ಸೇರ್ಕ.”

“ನೀಲುಗೆ ಪಾಠ ಯಾರು ಓದಿ ಹೇಳ್ತಾರೆ ಅತ್ತೆ?”

“ನಂಗೆಲ್ಲಿ ಅಕ್ಷರ ಬರ್ತೈತೆ? ಆ ಹುಡುಗೀನೂ ಎಳಕೊಂಡು ಹೋಗು!”

ಆಗಿನ ಶಾಲೆಗಳು ವಯಸ್ಸು ಕೇಳುತ್ತಿರಲಿಲ್ಲ. ಜೂನ್ ತಿಂಗಳಿಗೆ ಮಗಳು ಆರನೇ ತರಗತಿ, ಅಮ್ಮ ಒಂಬತ್ತನೆಯದು, ಎರಡೂ ಕೋಣೆ ಒಂದೇ ಜಗಲಿಗೆ. ಬಯಸಿದ ಶಾಲೆಯೇನೋ ಸಿಕ್ಕಿತು, ಆದರೆ ಅಮ್ಮನ ಕಣ್ಣೆದುರೇ ಯಾರ ಜಡೆ ಕಟ್ಟುವುದು? ಮೊದಲ ದಿನ ನೀಲು ಮುಖ ಊದಿಸಿಕೊಂಡು, ಕೈಕಟ್ಟಿ, ದೇವರ ಫೋಟೊದಂತೆ ಕುಳಿತಳು.

ಮೂರನೇ ಗಂಟೆಗೆ ನೀರು ಕುಡಿಯಲು ಹೊರಟವಳು ಥಟ್ಟನೆ ನಿಂತಳು. ಒಂಬತ್ತನೇ ತರಗತಿಯ ಬಾಗಿಲ ಹೊರಗೆ, ಗೋಡೆಗೆ ಒರಗಿ, ಅಮ್ಮ!

“ಏನಮ್ಮಾ ಇದು?”

“ಪಕ್ಕದ ಹುಡುಗಿ ಏನೋ ಅಂದ್ಲು, ನಕ್ಕುಬಿಟ್ಟೆ. ಮಿಸ್ಸು ಹೊರಗೆ ನಿಲ್ಲಿಸಿದ್ರು.” ಶಶಿಕಲಾ ಸೆರಗನ್ನು ಬಾಯಿಗೊತ್ತಿಕೊಂಡರೂ ನಗು ಹೆಗಲಲ್ಲೆಲ್ಲ ಕುಣಿಯುತ್ತಿತ್ತು. ಅಮ್ಮ ಹೀಗೆ ನಗುವುದನ್ನು ನೀಲು ಕಂಡೇ ಇರಲಿಲ್ಲ. ಅವಳೂ ಬಂದು ಪಕ್ಕದಲ್ಲಿ ಗೋಡೆಗೆ ಒರಗಿದಳು.

“ಲೇ,” ಎಂದಳು ಅಮ್ಮ ಪಿಸುದನಿಯಲ್ಲಿ, “ಅಜ್ಜಿಗೆ ಹೇಳ್ಬ್ಯಾಡ ಕಣೇ.”