ಕಪ್ಪು ಲ್ಯಾಪ್‌ಟಾಪ್, ಬೂದು ಲ್ಯಾಪ್‌ಟಾಪ್

“ಮೆತ್ತಗೆ ಎತ್ತಿ ಚಂದ್ರಣ್ಣ, ಟೈಪ್‌ರೈಟರ್ ಅಲ್ಲ ಅದು,” ಎಂದರು ಉಜ್ಜಪ್ಪ.

ಗಂಗಾಶ್ರೀಯ ಅಪ್ಪ ಚಂದ್ರಶೇಖರ್ ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಸೊರಬದ ಆ ಪುಟ್ಟ ಅಂಗಡಿಯ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್‌ಗಳಿದ್ದವು. ಒಂದು ಕಪ್ಪು, ಒಂದು ಬೂದು ಬಣ್ಣದ್ದು. ಬೆಂಗಳೂರಿನ ಆಫೀಸುಗಳಲ್ಲಿ ಬಳಸಿ ಬಿಟ್ಟವನ್ನು ಉಜ್ಜಪ್ಪ ತಂದು ಮಾರುತ್ತಿದ್ದರು.

ಶಿಕಾರಿಪುರದಲ್ಲಿ ಅಪ್ಪನದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಆರು ಮಷಿನ್‌ಗಳಿದ್ದರೂ ಈ ವರ್ಷ ಕಲಿಯಲು ಬರುವವರು ಇಬ್ಬರೇ. ಮಿಕ್ಕವರು, “ಕಂಪ್ಯೂಟರ್ ಕಲಿಸ್ತೀರೇನ್ರೀ?” ಎಂದು ಬಾಗಿಲಲ್ಲೇ ಕೇಳಿ ಹೊರಟುಬಿಡುತ್ತಿದ್ದರು. ಕರೆಂಟು ಹೋದರೂ ನಡೆಯುತ್ತದೆಂದು ಅಪ್ಪ ಲ್ಯಾಪ್‌ಟಾಪ್ ನೋಡಲು ಬಂದಿದ್ದರು.

“ಎರಡಕ್ಕೂ ಏನು ಫರಕು?” ಎಂದು ಕೇಳಿದರು ಅಪ್ಪ.

“ಕಪ್ಪಿಂದು ಜಪಾನ್ ಕಂಪನಿ. ಗಟ್ಟಿ ಮಾಲು. ಮುಚ್ಚಳದ ಕೀಲು ನೋಡಿ, ಸ್ವಲ್ಪನೂ ಅಲ್ಲಾಡಲ್ಲ. ರೇಟು ಜಾಸ್ತಿ. ಇದು ತೈವಾನಿಂದು, ಅರ್ಧ ರೇಟು. ಆದ್ರೆ ಪ್ಲಾಸ್ಟಿಕ್ ತೆಳು.”

ಅಪ್ಪ ಎರಡರ ಅಡಿಯನ್ನೂ ಬೆರಳಿನಿಂದ ಸವರಿದರು. “ಕೆಟ್ರೆ ನಾವೇ ಬಿಚ್ಚಬೋದೇನ್ರೀ?”

“ಕಪ್ಪಿಂದು ಬಿಚ್ಚೋಹಾಗಿಲ್ಲ ಮಾರಾಯ್ರೆ. ಬೆಂಗಳೂರಿಗೇ ಕಳಿಸ್ಬೇಕು. ಈ ಬೂದು ಬಣ್ಣದ್ದರಲ್ಲಿ ಅಡಿಯಲ್ಲಿ ಬಿಚ್ಚೋ ಪುಟ್ಟ ಬಾಗಿಲಿದೆ. ಮೆಮೊರಿ, ಹಾರ್ಡ್‌ಡಿಸ್ಕ್ ನಾವೇ ಹಾಕ್ಬೋದು.”

“ಕಪ್ಪಿಂದೇ ತಗೊಳ್ಳಣ ಅಪ್ಪಾಜಿ,” ಎಂದು ಪಕ್ಕದಲ್ಲಿದ್ದ ಗಂಗಾಶ್ರೀ ಅಪ್ಪನ ಅಂಗಿ ಜಗ್ಗಿದಳು. “ನಮ್ದು ಫಸ್ಟ್‌ಕ್ಲಾಸ್ ಇರ್ತದೆ ಅಂತ ಕ್ಲಾಸಲ್ಲೆಲ್ಲ ಹೇಳಿಬಿಟ್ಟೀನಿ.”

“ಕೂತು ಟೈಪ್ ಮಾಡಿ ನೋಡಿ,” ಎಂದು ಉಜ್ಜಪ್ಪ ಕಪ್ಪು ಲ್ಯಾಪ್‌ಟಾಪ್ ಮುಂದಿಟ್ಟರು.

ಅಪ್ಪ ಎಂದಿನಂತೆ ಕೀಗಳ ಕಡೆ ನೋಡದೆ ಶುರುಮಾಡಿದರು. ಬೆರಳುಗಳು ಹಳೇ ಮಷಿನ್ ಮೇಲೆ ಬೀಳುವ ಹಾಗೆ ದಬದಬ ಬಿದ್ದವು. ಬೆರಳು ಏಳುವಷ್ಟರಲ್ಲಿ ಒಂದೇ ಅಕ್ಷರ ಐದಾರು ಸಲ ಮೂಡಿತು. ಸಾಲು ಮುಗಿಯುವಾಗ ಎಡಗೈ ತಂತಾನೇ ಮೇಲೆದ್ದಿತು. ಟೈಪ್‌ರೈಟರಿನಲ್ಲಿ ಸಾಲು ಬದಲಿಸಲು ತಳ್ಳುವ ಹಿಡಿ ಇಲ್ಲಿ ಇರಲಿಲ್ಲ. ಕೈ ಗಾಳಿಯಲ್ಲೇ ನಿಂತಿತು.

ಗಂಗಾಶ್ರೀ ಕಿಸಕ್ಕನೆ ನಕ್ಕಳು.

“ಹೊಸದಾಗಿ ಕಲೀಬೇಕು ಚಂದ್ರಣ್ಣ,” ಎಂದು ಉಜ್ಜಪ್ಪನೂ ನಕ್ಕರು.

ಅಪ್ಪ ನಗಲು ನೋಡಿದರು, ಆಗಲಿಲ್ಲ. ಕಿವಿ ಕೆಂಪಗಾಗಿತ್ತು. ಅರ್ಧ ಊರಿಗೆ ಟೈಪಿಂಗ್ ಕಲಿಸಿದವರು ಅವರು. ಗಂಗಾಶ್ರೀ ನಗು ನಿಲ್ಲಿಸಿದಳು.

“ಅರ್ಧ ರೇಟಿಂದೇ ಇರ್ಲಿ,” ಎಂದರು ಅಪ್ಪ ಕೊನೆಗೆ. “ಗಟ್ಟಿ ಇಲ್ದಿದ್ರೂ ಬಿಚ್ಚಿ ಕೈ ಹಾಕಕ್ಕಾದ್ರೂ ಬಿಡ್ತದೆ. ಮಷಿನ್ ಮಾರಿ ಮುಂದಿನ ವಾರ ಬರ್ತೀನಿ.”

ಶಿಕಾರಿಪುರದ ಬಸ್ಸಿನಲ್ಲಿ ಗಂಗಾಶ್ರೀ ಅಪ್ಪನ ಪಕ್ಕ ಕಿಟಕಿಯ ಸೀಟಿನಲ್ಲಿ ಕೂತಳು.

“ಎಷ್ಟು ಮಷಿನ್ ಮಾರ್ತೀಯ ಅಪ್ಪಾಜಿ?”

“ನಾಲ್ಕು.”

“ಯಾರು ತಗೊಂತಾರೆ?”

“ಗುಜರಿಯೋರು.”

ಕಪ್ಪು ಲ್ಯಾಪ್‌ಟಾಪ್ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಅವಳ ಕಣ್ಣು ಅಪ್ಪನ ತೊಡೆಯ ಮೇಲೆ ಬಿತ್ತು. ಅಲ್ಲಿ ಅವರ ಬೆರಳುಗಳು ಆಡುತ್ತಿದ್ದವು. ಮುಟ್ಟಿಯೂ ಮುಟ್ಟದ ಹಾಗೆ, ಒಂದೊಂದಾಗಿ, ಮೆಲ್ಲಗೆ. ಎಡಗೈ ಮೇಲೇಳಲು ಹೋಯಿತು. ಅಪ್ಪ ಅದನ್ನು ತಡೆದು ಮತ್ತೆ ಮೊದಲಿನಿಂದ ಶುರುಮಾಡಿದರು.

ತಾನು ನೋಡಿದ್ದು ಅವರಿಗೆ ತಿಳಿಯಬಾರದೆಂದು ಗಂಗಾಶ್ರೀ ಕಿಟಕಿಯ ಕಡೆ ತಿರುಗಿ ಕೂತಳು.