ತಿರುವಿನಲ್ಲಿ ಬರುವ ಸದ್ದು

ಮಾರಿದ ಕಾರು ಮತ್ತೆ ಮನೆ ಮುಂದೆ ಬಂದು ನಿಂತರೆ ಯಾರಿಗೆ ತಾನೇ ಎದೆ ಧಸಕ್ಕೆನ್ನುವುದಿಲ್ಲ? ಪಾಂಡವಪುರದ ಜವರಯ್ಯನವರು ತಮ್ಮ ಹತ್ತು ವರ್ಷದ ಕೆಂಪು ಮಾರುತಿಯನ್ನು ಅರಕೆರೆಯ ಚಲುವರಾಜುವಿಗೆ ಕೊಟ್ಟು ಇನ್ನೂ ವಾರ ತುಂಬಿರಲಿಲ್ಲ. ಕಣ್ಣಿಗೆ ಪೊರೆ ಬಂದಿದೆ, ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಮಾರಿದ್ದರು. ಮಗಳು ನಳಿನಿ ಚೆನ್ನಾಗಿ ಓಡಿಸುತ್ತಿದ್ದಳು, ನಿಜ. ಆದರೆ ಇವತ್ತೋ ನಾಳೆಯೋ ಮದುವೆಯಾಗಿ ಹೋಗುವವಳನ್ನು ನಂಬಿ ಯಾರು ಕಾರು ಇಟ್ಟುಕೊಳ್ಳುತ್ತಾರೆ?

“ಬೆಳಿಗ್ಗೆ ಹೊತ್ತು ಸ್ಟಾರ್ಟೇ ಆಗಲ್ಲ ಯಜಮಾನ್ರೇ,” ಅಂದ ಚಲುವರಾಜು. ಹಾಲಿನ ಸೊಸೈಟಿಗಳ ಸೂಪರ್‌ವೈಸರ್ ಅವನು, ಕೆ.ಆರ್.ಪೇಟೆ, ನಾಗಮಂಗಲ ಎಂದು ಕೋಳಿ ಕೂಗುವ ಹೊತ್ತಿಗೇ ಹೊರಡಬೇಕು.

ನಳಿನಿ ಬಾಗಿಲಲ್ಲೇ ನಿಂತು ಕೇಳಿದಳು. “ಚೋಕ್ ಎಳೆದ್ರಾ?”

“ಚೋಕಾ?”

“ಅಯ್ಯೋ ರಾಮ!” ಮೆಟ್ಟಿಲಿಳಿದು ಬಂದು, ಕಿಟಕಿಯೊಳಗೆ ಕೈ ಹಾಕಿ ಗುಂಡಿ ಎಳೆದು ತೋರಿಸಿದಳು. “ಚಳೀಲಿ ಇದನ್ನ ಎಳ್ಕೋಬೇಕು. ಶುರುವಾದ್ಮೇಲೆ ನಿಧಾನಕ್ಕೆ ಒಳಗೆ ತಳ್ಳಬೇಕು. ಗದರಿಸಿದ್ರೆ ಬಗ್ಗಲ್ಲ ಇದು.”

“ಯಾರಿಂದ ಕಲ್ತದೋ,” ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಅವನ ಕಿವಿ ಕೆಂಪಾಯಿತು. ಆ ಪುಣ್ಯಾತ್ಮ ಗುಂಡಿಯ ಕಡೆ ನೋಡಿರಲೇ ಇಲ್ಲ, ಅವಳ ಬಳೆಗಳನ್ನೇ ನೋಡುತ್ತಿದ್ದ. ನಳಿನಿಗೆ ಅದು ಗೊತ್ತಾಗಿತ್ತು.

ಮುಂದಿನ ಶನಿವಾರ ಬ್ರೇಕು ಸಡಿಲ ಅಂದ. ಅದರ ಮುಂದಿನ ವಾರ ರೇಡಿಯೇಟರ್ ಕಾಯುತ್ತದೆ ಅಂದ. ಜವರಯ್ಯ ಕಾಫಿ ತರಿಸುವರು, ನಳಿನಿ ಬಾನೆಟ್ ಎತ್ತುವಳು, ಅವನು ಪಕ್ಕದಲ್ಲಿ ಅದರ ಆಸರೆಯ ಕಡ್ಡಿ ಹಿಡಿದು ನಿಲ್ಲುವನು. ಒಂದು ಸಲ ವೈಪರ್ ಕೆಟ್ಟಿದೆ ಎಂದ. ವೈಪರ್‌ಗೆ ಏನಾಗಿತ್ತು, ಮಣ್ಣು! ಆದರೂ ಅವಳು ಗಾಜಿಗೆಲ್ಲ ನೀರು ಹಾಕಿ, ಒರೆಸಿ, ಅರ್ಧ ಗಂಟೆ ಎಳೆದಳು. ಗಾಜಿನ ಆಚೆ ಅವನು, ಈಚೆ ಅವಳು. ಇಬ್ಬರೂ ನಗು ತಡೆದುಕೊಂಡಿದ್ದರು.

ಶನಿವಾರ ಅವನ ಹಾರ್ನ್ ಕೇಳುವತನಕ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಅವನು ಬೇಕಾಗಿದ್ದ, ಅಷ್ಟೇ.

ಕೆಡುವುದಕ್ಕೆ ಇನ್ನೇನೂ ಉಳಿಯದಿದ್ದಾಗ ಚಲುವರಾಜು ಅಂದ: “ತಿರುವಿನಲ್ಲಿ ಕಟಕಟ ಅಂತ ಸದ್ದು ಬತ್ತದೆ.”

ಜವರಯ್ಯ ಹುಬ್ಬು ಗಂಟಿಕ್ಕಿದರು. “ನನ್ನ ಕೈಲಿದ್ದಾಗ ಯಾವತ್ತೂ ಬಂದಿಲ್ವಲ್ಲಯ್ಯ?”

“ನಂಗೂ ಕೇಳಿಸ್ತು ಅಪ್ಪ, ಈಗ ಬೀದಿ ತಿರುಗುವಾಗ,” ಅಂದಳು ನಳಿನಿ, ಕಣ್ಣು ಮಿಟುಕಿಸದೆ. ಚಲುವರಾಜು ಬೆಚ್ಚಿ ಅವಳ ಮುಖ ನೋಡಿದ. ಆ ಒಂದು ನೋಟದಲ್ಲೇ ಅವಳು ವಾರ ಕಳೆಯಬಹುದಿತ್ತು.

ಕಳೆಯಲು ಆಗಲಿಲ್ಲ. ಅವನು ಹೊರಟುಹೋದ ಮೇಲೆ ನೋಡಿದರೆ ಅಪ್ಪನ ಮುಖ ಇಳಿದುಹೋಗಿತ್ತು. “ಒದೆಯೋ ಹಸು ಮಾರಿದ್ದು ಗೊತ್ತಾದ್ರೆ ವಾಪಸ್ ಹೊಡ್ಕಂಬರೋ ಮನೆತನ ನಮ್ದು. ಕೆಟ್ಟ ಕಾರು ತಲೆಗೆ ಕಟ್‌ಬುಟ್ಟ ಅನ್ನುಸ್ಕಂಡು ತಿರುಗ್ಲಾ ನಾನು? ಅವನ ದುಡ್ಡು ಅವನಿಗೆ ಕೊಟ್ಬುಡ್ತೀನಿ. ಕಾರು ಇಲ್ಲಿಗೇ ಬರ್ಲಿ.”

ಕಾರು ವಾಪಸಾದರೆ ಅವನಿಗೆ ಈ ಮನೆಗೆ ಬರುವ ದಾರಿ ಎಲ್ಲಿದೆ? ತಾನು ಆಡಿದ ಸುಳ್ಳೇ ತನ್ನ ಕೊರಳಿಗೆ ಬಂತಲ್ಲ ಎಂದು ನಳಿನಿ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು.

ಮುಂದಿನ ಶನಿವಾರ ವಿಷಯ ಕೇಳಿ ಚಲುವರಾಜುವಿನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಜವರಯ್ಯ ಎದ್ದರು. “ಮೆಕ್ಯಾನಿಕ್ಕಿಗೆ ಹೇಳ್ಬೇಕಲ್ಲ, ಸದ್ದು ಎಲ್ಲಿ ಬತ್ತದೆ ಅಂತ ನಾನೂ ಒಂದ್ಸಲ ಕೇಳ್ತೀನಿ. ನೀನೇ ಓಡ್ಸವ್ವ.”

ತೊಣ್ಣೂರು ರಸ್ತೆಯ ಒಂದೊಂದು ತಿರುವಿನಲ್ಲೂ ಅವರು ಕಿವಿ ಹೊರಗೆ ಚಾಚಿ “ಈಗ?” ಎನ್ನುವರು. ಹಾಳಾದ ಕಾರು ಅವತ್ತು ಕಿರ್ರ್ ಅಂತಲೂ ಅನ್ನಲಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತವನನ್ನು ನಳಿನಿ ಕನ್ನಡಿಯಲ್ಲಿ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ.

ಕೆರೆ ಏರಿಯ ಹತ್ತಿರ ಕಾರು ನಿಲ್ಲಿಸಿದಳು.

“ಎಲ್ಲಯ್ಯ ಸದ್ದು?”

“ಇಲ್ಲ ಯಜಮಾನ್ರೇ,” ಅಂದ ಚಲುವರಾಜು. “ಯಾವತ್ತೂ ಇರ್ನಿಲ್ಲ. ನಿಮ್ಮನೇಗೆ ಬರಕ್ಕೆ ನಂಗೊಂದು ನೆಪ ಬೇಕಿತ್ತು. ತಪ್ಪಾಯ್ತು.”

ಜವರಯ್ಯ ಮಗಳ ಕಡೆ ತಿರುಗಿದರು. “ನೀನು ಕೇಳುಸ್ತು ಅಂದ್ಯಲ್ಲವ್ವ?”

ಏನೋ ಕೇಳಿಸಿದ ಹಾಗಾಯ್ತು ಅಂದುಬಿಟ್ಟಿದ್ದರೆ ಅವಳು ಪಾರಾಗುತ್ತಿದ್ದಳು. ಬೈಸಿಕೊಳ್ಳುವುದೆಲ್ಲ ಅವನ ಪಾಲಿಗಾಗುತ್ತಿತ್ತು. ಸ್ಟೇರಿಂಗ್ ಬಿಗಿಯಾಗಿ ಹಿಡಿದಳು.

“ಕೇಳಿಸ್ಲಿಲ್ಲ ಅಪ್ಪ. ಇವ್ರು ಬರೋದು ನಿಂತೋಗ್ಬಾರ್ದು ಅಂತ ಹಾಗಂದೆ.”

ಜವರಯ್ಯ ಬಾಗಿಲು ದಡಾರನೆ ಹಾಕಿ ಇಳಿದು, ನೀರಿನ ಕಡೆ ಮುಖ ಮಾಡಿ ನಿಂತರು. ಕೊನೆಗೆ ಕಿಟಕಿಗೆ ಬಗ್ಗಿ ಕೇಳಿದರು:

“ನಿಮ್ಮವ್ವ ಮನೇಲವ್ರಾ?”

“ಅವ್ರೆ,” ಅಂದ ಚಲುವರಾಜು.

“ನಡೀರಿ ಅರಕೆರೆಗೆ. ಬಂಗಾರದಂಥ ಕಾರಿನ ಮೇಲೆ ಅಪವಾದ ಹೊರ್ಸಿದೋನ್ನ ಹೆತ್ತೋರು ಯಾರು ಅಂತ ನೋಡ್ಬೇಕು ನಾನು. ಅಂಗೇ ಹೆಣ್ಣು ಕೊಡೋ ಮಾತೂ ಆಡಾನ. ಗಾಡಿ ತಿರುಗಿಸವ್ವ!”

ಹಿಂದೆ ನಿಂತು ಕೈಬೀಸತೊಡಗಿದರು. “ಬರ್ಲಿ... ಬರ್ಲಿ...”

ನಳಿನಿ ರಿವರ್ಸ್ ಹಾಕಿದಳು. ಚಲುವರಾಜು ಮುಂದಕ್ಕೆ ಬಾಗಿ ಪಿಸುಗುಟ್ಟಿದ. “ಕಾರು ಸರಿಯಾಗೈತೆ ಅಂತ ನಿಮಗೆ ಮೊದ್ಲಿಂದ್ಲೂ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ರಿಪೇರಿ ಮುಗಿದೋಗ್ತಿತ್ತಲ್ಲ,” ಅಂದಳು ನಳಿನಿ.

ಜವರಯ್ಯ ಹಿಂದಿನಿಂದ ಡಿಕ್ಕಿಯ ಮುಚ್ಚಳ ತಟ್ಟಿದರು. “ಸಾಕು, ಸಾಕು! ಇನ್ನು ಮುಂದಕ್ಕೆ ಹೊರಡು.”